ತಂತಿಯೊಡನೆ ಕನ್ನಡವೂ ಬರಲಿ

ಒಂದು ಶಾಲೆ ನಡೆಯಬೇಕಾದರೆ ಏನೇನು ಬೇಕು? ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಥಟ್ಟನೆ ಉತ್ತರ ಬರುತ್ತಿತ್ತು: ಸೋರದ ಮಾಡು, ಒಂದು ಕರಿಹಲಗೆ, ಒಬ್ಬ ಒಳ್ಳೆಯ ಮಾಸ್ತರರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ಮೇಲೆ ಈ ಪಟ್ಟಿಗೆ ಇನ್ನೆರಡು ಸೇರಿದವು. ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕ ಬೇಕು, ಕನ್ನಡ ಬಲ್ಲ ಅಧ್ಯಾಪಕರು ಬೇಕು. ಇವೆರಡಕ್ಕಾಗಿ ನಮ್ಮ ಹಿರಿಯರು ಅರ್ಜಿ ಬರೆದರು, ಸಭೆ ಸೇರಿದರು, ಅಧಿಕಾರಿಗಳ ಬಾಗಿಲು ತಟ್ಟಿದರು. ಇಂದು ಆ ಪಟ್ಟಿಗೆ ಮತ್ತೊಂದು ಬಂದು ಸೇರಿದೆ. ಅದು ಕಂಪ್ಯೂಟರ್ ಮತ್ತು ಅಂತರ್ಜಾಲ.

ಇದು ಬೇಕೇ ಬೇಡವೇ ಎಂಬ ಚರ್ಚಾಸ್ಪರ್ಧೆಯ ಕಾಲ ಕಳೆದುಹೋಯಿತು. ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಪ್ಲಸ್ ಟು ಪ್ರವೇಶ ಎಲ್ಲವೂ ಅಂತರ್ಜಾಲದ ಮೂಲಕವೇ ನಡೆಯುತ್ತಿರುವಾಗ, ಅದಿಲ್ಲದ ಶಾಲೆ ದಾರಿಯಿಲ್ಲದ ಊರಿನಂತೆ. ಆದರೆ ಗಡಿಭಾಗದ ಕನ್ನಡ ಶಾಲೆಗಳ ಮಟ್ಟಿಗೆ ಈ ಬೇಡಿಕೆಗೆ ಎರಡು ಮುಖಗಳಿವೆ. ತಂತಿ ಬರಬೇಕು, ಬಂದ ತಂತಿಯೊಳಗೆ ಕನ್ನಡವೂ ಹರಿದು ಬರಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಿದರೆ ಅರ್ಧ ಕೆಲಸ ಮಾಡಿದಂತಾಗುತ್ತದೆ. ಈ ಮಾತನ್ನು ವಿದ್ಯಾರ್ಥಿಗಳ ಮತ್ತು ಹೆತ್ತವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು, ದೊರೆತದ್ದನ್ನು ದೊರೆತಿದೆ ಎಂದು ಹೇಳುವುದು ನ್ಯಾಯ. ಶಾಲೆಗಳಿಗೆ ಕಂಪ್ಯೂಟರನ್ನು ತರುವ ವಿಷಯದಲ್ಲಿ ಕೇರಳ ದೇಶದಲ್ಲಿಯೇ ಮುಂದಿದೆ. 2000ದಲ್ಲಿ ಇದಕ್ಕಾಗಿ ರಾಜ್ಯ ಸರಕಾರವು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಇಸ್ರೋದ ಮಾಜಿ ಅಧ್ಯಕ್ಷ ಪ್ರೊ. ಯು. ಆರ್. ರಾವ್. ಅವರು ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಕನ್ನಡಿಗರೆಂಬುದನ್ನು ನಮ್ಮ ವಿದ್ಯಾರ್ಥಿಗಳು ಹೆಮ್ಮೆಯಿಂದ ನೆನೆಯಬಹುದು. ಆ ಸಮಿತಿಯ ಶಿಫಾರಸಿನಂತೆ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಆರಂಭವಾಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಬಳಸಿಕೊಂಡು 2005ರ ಜುಲೈಯಲ್ಲಿ ವಿಕ್ಟರ್ಸ್ ವಾಹಿನಿ ಬಂತು. ಅದನ್ನು ಉದ್ಘಾಟಿಸಿದವರು ಅಂದಿನ ರಾಷ್ಟ್ರಪತಿ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ. 2017ರಲ್ಲಿ ಯೋಜನೆಯು ‘ಕೈಟ್’ ಎಂಬ ಸಂಸ್ಥೆಯಾಯಿತು. 2018ರ ಜನವರಿಯಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯಲ್ಲಿ 8ರಿಂದ 12ರ ವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಧ್ವನಿವರ್ಧಕ ಬಂದವು. ಕನ್ನಡ ಮಾಧ್ಯಮವೆಂದು ನಮ್ಮ ಶಾಲೆಗಳನ್ನು ಇದರಿಂದ ಹೊರಗಿಡಲಿಲ್ಲ. ಐ.ಸಿ.ಟಿ. ಪಠ್ಯಪುಸ್ತಕವೂ ಕನ್ನಡದಲ್ಲಿ ಬರುತ್ತಿದೆ. 2025ರ ಜೂನ್‌ನಿಂದ 10ನೇ ತರಗತಿಯ ಮಕ್ಕಳೆಲ್ಲರೂ ರೊಬೋಟಿಕ್ಸ್ ಕಲಿಯುವಂತಾಗಿದೆ.

ದೇಶದ ಒಟ್ಟು ಸ್ಥಿತಿಯನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ 2024-25ರ ಶಾಲಾ ಅಂಕಿಅಂಶಗಳಂತೆ ಭಾರತದ ಶಾಲೆಗಳಲ್ಲಿ ಅಂತರ್ಜಾಲವಿರುವವು ನೂರಕ್ಕೆ 63.5 ಮಾತ್ರ. ಎಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಶಾಲೆಗಳಿಗೆ ಇಂದಿಗೂ ಆ ಭಾಗ್ಯವಿಲ್ಲ.

ಹಾಗಾದರೆ ನಮಗಿನ್ನೇನು ಕೊರತೆ ಎಂದು ಕೆಲವರು ಕೇಳಬಹುದು. ಕೊರತೆ ಏನೆಂಬುದು 2020ರಲ್ಲಿ ಎಲ್ಲರ ಕಣ್ಣಿಗೂ ಕಂಡಿತು.

ಆ ವರ್ಷ ಕೊರೋನಾ ರೋಗದಿಂದ ಶಾಲೆಗಳು ಮುಚ್ಚಿದವು. ಜೂನ್ 1ರಂದು ಪಾಠವು ಶಾಲೆಯ ಬದಲು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನಿಂದ ಆರಂಭವಾಯಿತು. ಇಷ್ಟು ಬೇಗ ಇಂತಹ ವ್ಯವಸ್ಥೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಪಾಠ ಮಲಯಾಳದಲ್ಲಿತ್ತು. ನಮ್ಮ ಮಕ್ಕಳಿಗೆ ಮಲಯಾಳ ಬಾರದು ಎಂದಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಅವರು ಚೆನ್ನಾಗಿಯೇ ಮಾತನಾಡುತ್ತಾರೆ. ಆದರೆ ಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಸಸ್ಯಗಳು ಬೆಳಕಿನಿಂದ ಆಹಾರ ತಯಾರಿಸುವುದನ್ನು ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಎಂದು ಕಲಿತ ಮಗುವಿಗೆ ‘ಪ್ರಕಾಶಸಂಶ್ಲೇಷಣಂ’ ಎಂದರೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ವೇಗೋತ್ಕರ್ಷ ಎಂದು ಓದಿದವನಿಗೆ ‘ತ್ವರಣಂ’ ಎಂದರೆ ಅದು ಇದೇ ಎಂದು ಯಾರಾದರೂ ಹೇಳಿಕೊಡಬೇಕು. ಎದುರಿಗೆ ಅಧ್ಯಾಪಕರಿದ್ದರೆ ಕೈಯೆತ್ತಿ ಕೇಳಬಹುದು. ಪೆಟ್ಟಿಗೆಯೊಳಗಿನ ಅಧ್ಯಾಪಕರನ್ನು ಕೇಳುವುದು ಹೇಗೆ?

ಅದೇ ವರ್ಷ ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿಯೂ ಶಾಲಾ ಪಾಠಗಳು ಬಂದವು. ಅವು ಅಚ್ಚ ಕನ್ನಡದಲ್ಲಿದ್ದವು. ಆದರೆ ಅಲ್ಲಿನ ಪಠ್ಯಕ್ರಮ ಬೇರೆ, ಪುಸ್ತಕ ಬೇರೆ, ಪರೀಕ್ಷೆ ಬೇರೆ. ಹೀಗೆ ಗಡಿನಾಡಿನ ಮಗು ಎರಡು ದೋಣಿಗಳ ನಡುವಿನ ನೀರಿನಲ್ಲಿ ನಿಂತಂತಾಯಿತು. ಒಂದು ಕಡೆ ಪಾಠ ನಮ್ಮದು, ಭಾಷೆ ನಮ್ಮದಲ್ಲ. ಇನ್ನೊಂದು ಕಡೆ ಭಾಷೆ ನಮ್ಮದು, ಪಾಠ ನಮ್ಮದಲ್ಲ. ಯಾರ ದುರುದ್ದೇಶದಿಂದಲೂ ಹೀಗಾದದ್ದಲ್ಲ. ಕೋಟಿಗಟ್ಟಲೆ ಜನರ ಲೆಕ್ಕದಲ್ಲಿ ಯೋಜನೆ ಹಾಕುವಾಗ ಅಂಚಿನಲ್ಲಿರುವ ಕೆಲವು ಸಾವಿರ ಮಕ್ಕಳು ಕಣ್ತಪ್ಪಿ ಹೋಗುವುದು ಎಲ್ಲ ರಾಜ್ಯಗಳಲ್ಲಿಯೂ ಉಂಟು. ಅಂಚಿನಲ್ಲಿರುವವರು ತಾವೇ ದನಿಯೆತ್ತಿ ನೆನಪಿಸದೆ ಗತಿಯಿಲ್ಲ.

ಆಮೇಲೆ ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಇಲ್ಲಿನ ಅಧ್ಯಾಪಕರೇ ಮುಂದೆ ಬಂದು ಪಾಠ ಹೇಳಿದರು. ಆ ಪಾಠಗಳು ಮಕ್ಕಳನ್ನು ತಲಪಿದ್ದು ಮುಖ್ಯವಾಗಿ ಯೂಟ್ಯೂಬಿನ ಮೂಲಕ. ಇಲ್ಲಿ ಒಂದು ಸೂಕ್ಷ್ಮವನ್ನು ಎಲ್ಲರೂ ಗಮನಿಸಬೇಕು. ಬಹುಸಂಖ್ಯಾತರ ಭಾಷೆಯ ಮಗುವಿಗೆ ಮನೆಯ ಟಿ.ವಿ. ಸಾಕಾಯಿತು, ಅದು ಹಾಳಾದರೆ ನೆರೆಮನೆಗೆ ಹೋಗಬಹುದಾಗಿತ್ತು. ಅಲ್ಪಸಂಖ್ಯಾತ ಭಾಷೆಯ ಮಗುವಿಗೆ ಮಾತ್ರ ಒಳ್ಳೆಯ ಮೊಬೈಲು ಬೇಕಾಯಿತು, ಡೇಟಾ ಹಾಕಿಸಲು ಹಣ ಬೇಕಾಯಿತು, ಗುಡ್ಡ ಹತ್ತಿದರಾದರೂ ಸಿಗ್ನಲ್ ಸಿಗಬೇಕಾಯಿತು. ವಾಹಿನಿಯಲ್ಲಿ ಸಮಯ ಅಮೂಲ್ಯ. ಅಲ್ಲಿ ಮೊದಲ ಪಾಲು ಹೆಚ್ಚು ಜನರ ಭಾಷೆಗೆ. ಅಂತರ್ಜಾಲದಲ್ಲಿ ಜಾಗಕ್ಕೆ ಬರವಿಲ್ಲ. ಹತ್ತು ಮಕ್ಕಳ ಭಾಷೆಗೂ ಅಲ್ಲಿ ಎಡೆಯುಂಟು. ಆದುದರಿಂದಲೇ ಅಂತರ್ಜಾಲವು ಎಲ್ಲ ಶಾಲೆಗಳಿಗಿಂತ ಹೆಚ್ಚಾಗಿ ನಮ್ಮಂತಹ ಶಾಲೆಗಳಿಗೆ ಬೇಕು. ಇತರರಿಗೆ ಅದು ಅನೇಕ ದಾರಿಗಳಲ್ಲಿ ಒಂದು. ನಮಗೆ ಕೆಲವೊಮ್ಮೆ ಅದೊಂದೇ ದಾರಿ.

ಇದನ್ನು ನಾವು ದಾನವಾಗಿ ಕೇಳಬೇಕಾಗಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು, ಹಾಸ್ಟೆಲಿನಲ್ಲಿ ಮೊಬೈಲಿಗೆ ಹಾಕಿದ ನಿರ್ಬಂಧವನ್ನು ಪ್ರಶ್ನಿಸಿದ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿತು. ಇನ್ನು ಭಾಷೆಯ ವಿಷಯ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಲೇ 7ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಆಗ ಸೌಕರ್ಯವೆಂದರೆ ಪುಸ್ತಕ, ಅಧ್ಯಾಪಕ, ಕೊಠಡಿ. ಇಂದು ಪಾಠದ ಒಂದು ಪಾಲು ಪರದೆಯ ಮೇಲೆ ನಡೆಯುವಾಗ, ಆ ಪರದೆಯ ಪಾಠವೂ ಸೌಕರ್ಯದ ಲೆಕ್ಕಕ್ಕೆ ಬರಲೇಬೇಕು. ಪುಸ್ತಕ ಮಾತ್ರ ಕನ್ನಡದಲ್ಲಿ, ಪುಸ್ತಕವನ್ನು ವಿವರಿಸುವ ಚಿತ್ರ ಮಾತ್ರ ಬೇರೆ ಭಾಷೆಯಲ್ಲಿ ಎಂದರೆ, ಎಲೆಗೆ ಅನ್ನ ಬಡಿಸಿ ಸಾರನ್ನು ಪಕ್ಕದ ಎಲೆಗೆ ಹಾಕಿದಂತೆ.

ಈಗ ನಮ್ಮ ಶಾಲೆಗಳ ದಿನನಿತ್ಯದ ತೊಡಕುಗಳನ್ನು ನೋಡೋಣ. ಮೊದಲನೆಯದು ಮಳೆ ಮತ್ತು ಗುಡ್ಡ. ನಮ್ಮ ಕಡೆಯ ಮಳೆಗಾಲವೆಂದರೆ ಹೊಸತಾಗಿ ಹೇಳಬೇಕಾಗಿಲ್ಲ. ಒಂದು ಅಡಿಕೆ ಮರವೋ ತೆಂಗಿನ ಗರಿಯೋ ತಂತಿಯ ಮೇಲೆ ಬಿದ್ದರೆ ಕರೆಂಟೂ ಇಲ್ಲ, ಅಂತರ್ಜಾಲವೂ ಇಲ್ಲ. ತುಲಾ ಮಾಸದ ಸಿಡಿಲಿಗೆ ಮೋಡೆಮು ಸುಟ್ಟುಹೋಗುವುದು ನಮಗೆ ಮಾಮೂಲು. ಸುಟ್ಟ ಮೋಡೆಮಿನ ಬದಲು ಇನ್ನೊಂದು ಬರುವ ತನಕ ಪಾಠ ಕಾಯಬೇಕು. ಸಿಡಿಲಿನ ಹೊತ್ತಿಗೆ ಪ್ಲಗ್ ತೆಗೆದಿಡುವುದು ಖರ್ಚಿಲ್ಲದ ಕೆಲಸ. ಅದಕ್ಕೊಬ್ಬ ವಿದ್ಯಾರ್ಥಿಯನ್ನು ನೇಮಿಸಿದರೂ ಸಾಕು. ಮಾರ್ಗದ ಬದಿಯ ಶಾಲೆಗೂ ಒಳಗಿನ ಗುಡ್ಡದ ಮೇಲಿನ ಶಾಲೆಗೂ ಒಂದೇ ಅಳತೆಗೋಲು ಇಡುವುದೂ ಸರಿಯಲ್ಲ. ಮೊಬೈಲಿನ ಗೋಪುರ ಕಾಣದ ಊರಿನ ಶಾಲೆಗೆ ತಂತಿಯ ಸಂಪರ್ಕವೇ ಗಟ್ಟಿ. ಆ ಶಾಲೆಗಳಿಗೇ ಅದು ಮೊದಲು ಸಿಗಬೇಕು.

ಎರಡನೆಯದು ದುರಸ್ತಿ. ಯಂತ್ರವನ್ನು ಕೊಡುವ ದಿನ ಸಭೆಯಿರುತ್ತದೆ, ಭಾಷಣವಿರುತ್ತದೆ, ಫೋಟೋ ಇರುತ್ತದೆ. ಅದು ಕೆಟ್ಟು ನಿಂತ ದಿನ ಯಾರೂ ಇರುವುದಿಲ್ಲ. ಕಂಪ್ಯೂಟರಿಗೆ ಏಳೆಂಟು ವರ್ಷವೆಂದರೆ ಇಳಿವಯಸ್ಸು. ಬ್ಯಾಟರಿ ನಿಲ್ಲುವುದಿಲ್ಲ, ಪ್ರೊಜೆಕ್ಟರಿನ ಬೆಳಕು ಮಂಕಾಗುತ್ತದೆ. ಹಸುವನ್ನು ಕೊಂಡವರು ಹಿಂಡಿಗೂ ಹುಲ್ಲಿಗೂ ಲೆಕ್ಕ ಇಟ್ಟುಕೊಳ್ಳುತ್ತಾರೆ. ಯಂತ್ರ ಕೊಂಡವರು ಮಾತ್ರ ರಿಪೇರಿಯ ಲೆಕ್ಕವನ್ನು ಮರೆತುಬಿಡುತ್ತಾರೆ. ಪ್ರತಿ ವರ್ಷದ ಬಜೆಟ್ಟಿನಲ್ಲಿ ದುರಸ್ತಿಗೆಂದೇ ಒಂದು ಮೊತ್ತವನ್ನು ಬೇರೆಯಾಗಿ ತೆಗೆದಿಡುವ ಪದ್ಧತಿ ಬರಬೇಕು.

ಮೂರನೆಯದು ಮನೆ. ಶಾಲೆಯಲ್ಲಿ ಪರದೆ ಇದ್ದರೂ ಮನೆಯಲ್ಲಿ ಏನಿದೆ? ಬೀಡಿ ಕಟ್ಟಿ, ತೋಟದ ಕೂಲಿಗೆ ಹೋಗಿ ಸಂಸಾರ ಸಾಗಿಸುವ ಮನೆಗಳಲ್ಲಿ ಒಂದೇ ಮೊಬೈಲು. ಅದು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಹೊರಟು ರಾತ್ರಿ ಮರಳುತ್ತದೆ. ಮೂವರು ಮಕ್ಕಳಿದ್ದರೆ ಮೊದಲ ಸರದಿ ಹತ್ತನೇ ತರಗತಿಯ ಅಣ್ಣನಿಗೆ; ಎಂಟನೇ ತರಗತಿಯ ತಂಗಿಯ ಸರದಿ ಬರುವಾಗ ನಿದ್ದೆ ಬಂದಿರುತ್ತದೆ. 2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳದ ಸ್ವಂತ ಜಾಲ ‘ಕೆ-ಫೋನ್’, ಬಡ ಕುಟುಂಬಗಳಿಗೆ ಉಚಿತ ಅಂತರ್ಜಾಲ ಕೊಡುವ ಗುರಿಯನ್ನಿಟ್ಟುಕೊಂಡಿದೆ. ಮೊದಲ ಹಂತಕ್ಕೆ ಗೊತ್ತುಪಡಿಸಿದ್ದು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 100 ಮನೆಗಳಂತೆ 14,000 ಮನೆ. ಉದ್ದೇಶ ಒಳ್ಳೆಯದು. ಆದರೆ ಎರಡನೆಯ ಮನೆ, ಮೂರನೆಯ ಮನೆ ಎಂದು ಕಾಯುತ್ತಾ ಕುಳಿತರೆ ಇಂದಿನ ಎಂಟನೇ ತರಗತಿಯ ಮಗು ಶಾಲೆ ಬಿಟ್ಟು ಹೋಗಿಯಾಗಿರುತ್ತದೆ. ಅದುವರೆಗೆ ಶಾಲೆಯ ಕಂಪ್ಯೂಟರ್ ಕೋಣೆಯೇ ಆ ಮಗುವಿನ ಮನೆಯಾಗಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆ, ಸಂಜೆ ಬಸ್ಸಿನ ಹೊತ್ತಿನ ತನಕ ಒಂದು ಗಂಟೆ ಆ ಬಾಗಿಲು ತೆರೆದಿರಲಿ. ಬೀಗ ಹಾಕಿ ಜೋಪಾನವಾಗಿಟ್ಟ ಯಂತ್ರವೂ ಹಾಳಾಗುತ್ತದೆ. ಬಳಸಿ ಹಾಳಾದರೆ ನಾಲ್ಕು ಮಕ್ಕಳು ಕಲಿತ ಪುಣ್ಯವಾದರೂ ಉಳಿಯುತ್ತದೆ.

ನಾಲ್ಕನೆಯದೇ ಬಹಳ ದೊಡ್ಡದು: ಪರದೆಯ ಮೇಲೆ ಕನ್ನಡ. ಎಲ್ಲವೂ ಸರಿಯಾಗಿದ್ದು, ಕರೆಂಟಿದ್ದು, ಪ್ರೊಜೆಕ್ಟರ್ ಬೆಳಗಿದ ಮೇಲೆ ಅಧ್ಯಾಪಕರು ತೋರಿಸುವುದೇನು? ಒಳ್ಳೆಯ ಪಾಠಚಿತ್ರಗಳು ಮಲಯಾಳದಲ್ಲಿ ರಾಶಿ ಇವೆ, ಇಂಗ್ಲಿಷಿನಲ್ಲಿ ಬೆಟ್ಟದಷ್ಟಿವೆ. ನಮ್ಮ ಪಠ್ಯಕ್ಕೆ ಹೊಂದುವ ಕನ್ನಡದ ಪಾಠ ಹುಡುಕಿದರೆ ಬೊಗಸೆಯಷ್ಟು. ಅಧ್ಯಾಪಕರು ಚಿತ್ರದ ಧ್ವನಿಯನ್ನು ನಿಲ್ಲಿಸಿ, ಪಕ್ಕದಲ್ಲಿ ನಿಂತು, ಮೂಕಿಚಿತ್ರಕ್ಕೆ ಹಿಂದೆ ಮಾಡುತ್ತಿದ್ದಂತೆ ತಾವೇ ವಿವರಣೆ ಹೇಳಬೇಕು. ಅವರು ಹೇಳುತ್ತಾರೆ, ಅದು ಅವರ ದೊಡ್ಡತನ. ಆದರೆ ಹೆತ್ತವರು ಹೋಲಿಸಿ ನೋಡುತ್ತಾರೆ. ‘ಆ ಶಾಲೆಯಲ್ಲಿ ಎಲ್ಲವೂ ಇದೆಯಂತೆ, ಇಲ್ಲಿ ಕನ್ನಡದಲ್ಲಿ ಏನೂ ಸಿಗುವುದಿಲ್ಲವಂತೆ’ ಎಂಬ ಮಾತು ಊರಿನಲ್ಲಿ ಹಬ್ಬುತ್ತದೆ. ಮುಂದಿನ ವರ್ಷ ಒಂದನೇ ತರಗತಿಗೆ ಎರಡು ಮಕ್ಕಳು ಕಡಿಮೆ. ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಉಳಿದ ಮಕ್ಕಳೂ ಹೋಗುತ್ತಾರೆ. ಪರದೆಯ ಮೇಲೆ ಕನ್ನಡವಿಲ್ಲದಿರುವುದು ಈ ಸರಪಳಿಯ ಒಂದು ಕೊಂಡಿಯಾಗದಂತೆ ನಾವು ಎಚ್ಚರ ವಹಿಸಬೇಕು. ಇದು ನಮ್ಮ ಶಾಲೆಗಳ ಅಳಿವು ಉಳಿವಿನ ಮಾತು.

ಈ ಕಷ್ಟ ಕಾಸರಗೋಡಿನದು ಮಾತ್ರವಲ್ಲ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ಬಾಲಭಾರತಿಯು ಕನ್ನಡದಲ್ಲಿಯೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅಲ್ಲಿಯೂ ಪುಸ್ತಕದ ಭಾಷೆ ಕನ್ನಡ, ಪಠ್ಯಕ್ರಮ ಕರ್ನಾಟಕದ್ದಲ್ಲ. ನಾವು ಒಬ್ಬರನ್ನೊಬ್ಬರು ನೋಡಿಲ್ಲದಿರಬಹುದು. ನಮ್ಮ ಕಷ್ಟಕ್ಕೆ ಮಾತ್ರ ಒಂದೇ ಮುಖ. ನ್ಯೂಟನ್ನನ ನಿಯಮ, ಹೃದಯದ ರಚನೆ, ಪೈಥಾಗೊರಸ್ ಪ್ರಮೇಯ ಯಾವ ರಾಜ್ಯದಲ್ಲಾದರೂ ಒಂದೇ. ಇಂತಹ ಪಾಠಗಳನ್ನು ಒಂದು ಕಡೆ ಕನ್ನಡದಲ್ಲಿ ಚೆನ್ನಾಗಿ ತಯಾರಿಸಿದರೆ ಎಲ್ಲ ಗಡಿಗಳ ಕನ್ನಡ ಮಕ್ಕಳಿಗೂ ಅದು ಒದಗುತ್ತದೆ. ಕರ್ನಾಟಕದ ಕನ್ನಡ ಸಂಸ್ಥೆಗಳು ಗಡಿನಾಡಿನಲ್ಲಿ ಉತ್ಸವ ನಡೆಸುವುದು ಸಂತೋಷ. ಆ ಉತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಇಂತಹ ಪಾಠಗಳಿಗೆ ಮೀಸಲಿಟ್ಟರೆ ಶಾಮಿಯಾನ ಬಿಚ್ಚಿದ ಮೇಲೂ ಕನ್ನಡ ಉಳಿಯುತ್ತದೆ.

ಇಲ್ಲಿ ಹೆತ್ತವರ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ‘ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆ, ನೀವು ಇನ್ನಷ್ಟು ಅಂತರ್ಜಾಲ ಕೊಡಿ ಎನ್ನುತ್ತೀರಿ’ ಎಂದು ಅಮ್ಮಂದಿರು ಹೇಳುವುದುಂಟು. ಈ ಭಯ ಸುಳ್ಳಲ್ಲ. ಆಟದ ಚಟ, ರಾತ್ರಿಯಿಡೀ ಸಣ್ಣ ಸಣ್ಣ ವೀಡಿಯೋ ನೋಡುವ ಚಟ, ಗುರುತಿಲ್ಲದವರ ಮೋಸ ಇವೆಲ್ಲ ನಿಜ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಶಿಕ್ಷಣದಲ್ಲಿ ತಂತ್ರಜ್ಞಾನವನ್ನು ಕುರಿತು ಹೊರತಂದ ವರದಿಯೂ ಎಚ್ಚರಿಕೆಯ ಮಾತನ್ನೇ ಹೇಳಿತು. ಯಂತ್ರವು ಕಲಿಕೆಗೆ ನೆರವಾಗಬೇಕು, ಅಧ್ಯಾಪಕರ ಸ್ಥಾನವನ್ನು ಅದು ಆಕ್ರಮಿಸಬಾರದು ಎಂಬುದು ಅದರ ಸಾರ. ಆದರೆ ಯೋಚಿಸಿ ನೋಡಿ. ಮಗು ಅಂತರ್ಜಾಲವನ್ನು ಕಾಣುವುದಂತೂ ಖಂಡಿತ. ಮನೆಯ ಮೂಲೆಯಲ್ಲಿ ಒಬ್ಬನೇ ಕುಳಿತು ಕಾಣಬೇಕೇ, ಅಧ್ಯಾಪಕರ ಎದುರಿನಲ್ಲಿ ಗೆಳೆಯರೊಡನೆ ದೊಡ್ಡ ಪರದೆಯಲ್ಲಿ ಕಾಣಬೇಕೇ ಎಂಬುದಷ್ಟೇ ಪ್ರಶ್ನೆ. ಹೊಳೆಯ ಬದಿಯ ಊರಿನವರು ಮಕ್ಕಳನ್ನು ನೀರಿನಿಂದ ದೂರ ಕಟ್ಟಿಹಾಕುವುದಿಲ್ಲ, ಈಜು ಕಲಿಸುತ್ತಾರೆ. ಶಾಲೆಯ ಅಂತರ್ಜಾಲವೆಂದರೆ ಈಜು ಕಲಿಯುವ ಕಡವು.

ಇನ್ನೊಂದು ಆಕ್ಷೇಪ: ‘ಹೇಗಿದ್ದರೂ ಕಂಪ್ಯೂಟರಿನ ಭಾಷೆ ಇಂಗ್ಲಿಷ್. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಈ ರಗಳೆಯೇ ಇಲ್ಲವಲ್ಲ?’ ಇಂಗ್ಲಿಷನ್ನು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು. ಆದರೆ ಕಂಪ್ಯೂಟರಿನ ಭಾಷೆ ಇಂಗ್ಲಿಷ್ ಎಂಬ ಮಾತು ಹಳೆಯದಾಯಿತು. ಜಗತ್ತಿನ ಲಿಪಿಗಳನ್ನೆಲ್ಲ ಕಂಪ್ಯೂಟರಿಗೆ ತಿಳಿಯುವಂತೆ ಮಾಡಿದ ಯೂನಿಕೋಡ್ ಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಕನ್ನಡವನ್ನು ಉಚ್ಚಾರದಂತೆಯೇ ಸುಲಭವಾಗಿ ಟೈಪು ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರ ಊರು ಮಂಗಳೂರಿನ ಬಳಿಯ ಕಿನ್ನಿಕಂಬಳ, ನಮ್ಮ ನೆರೆಯೇ. ಶಾಲೆಯ ಕಂಪ್ಯೂಟರಿನಲ್ಲಿರುವ ಲಿನಕ್ಸ್ ತಂತ್ರಾಂಶದಲ್ಲಿಯೂ ಕನ್ನಡ ಟೈಪು ಮಾಡುವ ಅನುಕೂಲವಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗಿ ಕನ್ನಡದ ಮೊದಲ ಪತ್ರಿಕೆಯಾಯಿತು. ಅಚ್ಚಿನ ಯಂತ್ರ ಹುಟ್ಟಿದ್ದು ಯುರೋಪಿನಲ್ಲಿ. ಅದಕ್ಕಾಗಿ ಕನ್ನಡಿಗರು ಜರ್ಮನ್ ಭಾಷೆಯಲ್ಲಿ ಪತ್ರಿಕೆ ಓದಲಿಲ್ಲ. ಯಂತ್ರಕ್ಕೆ ಕನ್ನಡ ಕಲಿಸಿದರು. ಇಂದಿನ ಯಂತ್ರಕ್ಕೂ ಮಾಡಬೇಕಾದ್ದು ಅದನ್ನೇ.

ಅದನ್ನು ಮಾಡುವವರು ಯಾರು? ಇಲ್ಲಿ ನಾವು ನಮ್ಮ ಕಡೆಗೂ ತಿರುಗಿ ನೋಡಬೇಕು. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ವಿಕಿಪೀಡಿಯದ ಉದಾಹರಣೆ ತೆಗೆದುಕೊಳ್ಳೋಣ. ಮಲಯಾಳ ವಿಕಿಪೀಡಿಯ ಶುರುವಾದದ್ದು 2002ರ ಡಿಸೆಂಬರಿನಲ್ಲಿ, ಕನ್ನಡದ್ದು 2003ರಲ್ಲಿ, ಹೆಚ್ಚು ಅಂತರವಿಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4 ಕೋಟಿ 37 ಲಕ್ಷ, ಮಲಯಾಳದವರು ಸುಮಾರು 3 ಕೋಟಿ 48 ಲಕ್ಷ. ಆದರೂ ಮಲಯಾಳದಲ್ಲಿ 80,000ಕ್ಕಿಂತ ಹೆಚ್ಚು ಲೇಖನಗಳಿದ್ದರೆ ಕನ್ನಡದಲ್ಲಿರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಇದಕ್ಕೆ ಸರಕಾರವನ್ನು ದೂರಿ ಫಲವಿಲ್ಲ. ಮಲಯಾಳದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು, ಎಂಜಿನಿಯರುಗಳು ಸಂಬಳವಿಲ್ಲದೆ ಕುಳಿತು ಬರೆದರು. ಅಕ್ಷರಗಳ ವಿನ್ಯಾಸವನ್ನೂ ತಾವೇ ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ನೆರೆಯವರ ಈ ಒಳ್ಳೆಯ ಬುದ್ಧಿಯನ್ನು ನೋಡಿ ಕಲಿಯುವುದರಲ್ಲಿ ಅವಮಾನವೇನೂ ಇಲ್ಲ. ಈಚೆಗೆ ಪ್ರಶ್ನೆಗೆ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಅವು ಕಲಿಯುವುದು ಜನರು ಬರೆದಿಟ್ಟದ್ದರಿಂದ. ನಮ್ಮ ಊರು, ನಮ್ಮ ಬೆಳೆ, ನಮ್ಮ ಯಕ್ಷಗಾನ, ನಮ್ಮ ಭೂತದ ಕೋಲ ಇವುಗಳ ಬಗ್ಗೆ ಕನ್ನಡದಲ್ಲಿ ನಾವೇ ಬರೆದಿಡದಿದ್ದರೆ ಯಂತ್ರವೂ ಏನನ್ನು ಹೇಳೀತು?

ಆದುದರಿಂದ ಕೆಲವು ಸೂಚನೆಗಳನ್ನು ಎಲ್ಲರ ಮುಂದಿಡುತ್ತೇನೆ.

ಸರಕಾರದಲ್ಲಿ ವಿನಂತಿ: ಮಲಯಾಳದಲ್ಲಿ ತಯಾರಾಗುವ ಪ್ರತಿಯೊಂದು ಪಾಠಚಿತ್ರಕ್ಕೂ ಕನ್ನಡದ ಧ್ವನಿ, ಅದಾಗದಿದ್ದರೆ ಕೆಳಗೆ ಕನ್ನಡದ ಸಾಲುಗಳು, ಅದೇ ವರ್ಷ ಬರಲಿ. ಚಿತ್ರ ಹೇಗೂ ತಯಾರಾಗಿದೆ. ಧ್ವನಿಗೆ ತಗಲುವ ಖರ್ಚು ಅದರ ಸಣ್ಣ ಪಾಲು. ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ತರಬೇತಿ ಕನ್ನಡದಲ್ಲಿಯೇ ಸಿಗಲಿ.

ರಕ್ಷಕ-ಶಿಕ್ಷಕ ಸಂಘದಲ್ಲಿ ವಿನಂತಿ: ವಾರ್ಷಿಕೋತ್ಸವದ ಹಾರ ತುರಾಯಿಗಳ ಹಣದಲ್ಲಿ ಸ್ವಲ್ಪ ಉಳಿಸಿ ಒಂದು ಯು.ಪಿ.ಎಸ್., ಒಂದು ದೊಡ್ಡ ಹಾರ್ಡ್ ಡಿಸ್ಕ್ ಕೊಳ್ಳಿ. ಅಂತರ್ಜಾಲ ಬಂದಾಗ ಬೇಕಾದ್ದನ್ನು ಇಳಿಸಿಟ್ಟುಕೊಂಡರೆ, ಅದು ಹೋದಾಗಲೂ ಪಾಠ ನಿಲ್ಲುವುದಿಲ್ಲ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯವು 2002ರಲ್ಲಿ ಆರಂಭಿಸಿದ ಫೆಟ್ ಎಂಬ ವಿಜ್ಞಾನದ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಅವನ್ನೂ ಇಳಿಸಿಟ್ಟುಕೊಂಡು ಅಂತರ್ಜಾಲವಿಲ್ಲದೆ ತೋರಿಸಬಹುದು. ಮಳೆಗಾಲದ ಅಕ್ಕಿಯನ್ನು ಬೇಸಗೆಯಲ್ಲಿಯೇ ಕೂಡಿಡುವ ಜನ ನಾವು. ಇದು ನಮಗೆ ಹೊಸ ವಿದ್ಯೆಯೇನೂ ಅಲ್ಲ.

ಶಾಲೆಯವರಲ್ಲಿ ವಿನಂತಿ: ಅಚ್ಚಿನ ಮನೆಗಳಲ್ಲಿ ಹಳೆಯ ಕ್ರಮದ ಅಕ್ಷರಗಳಿಂದ ಜೋಡಿಸಿದ ಬರಹವನ್ನು ಅಂತರ್ಜಾಲದಲ್ಲಿ ಹಾಕಿದರೆ ಅದು ಯಾರೂ ಹುಡುಕಿ ಓದಲಾರದ ಗೊಂದಲವಾಗುತ್ತದೆ. ಈ ಸಂಚಿಕೆಯಂತಹ ಪುಸ್ತಕಗಳನ್ನು ಯೂನಿಕೋಡಿನಲ್ಲಿಯೂ ಒಂದು ಪ್ರತಿ ಮಾಡಿಸಿಡಿ. ಇಂದಿನ ಮಕ್ಕಳ ಕಥೆ, ಕವನ, ಪ್ರವಾಸ ಲೇಖನಗಳು ಐವತ್ತು ವರ್ಷಗಳ ಮೇಲೂ ಸಿಗುತ್ತವೆ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಮಕ್ಕಳೇ, ನಿಮ್ಮಲ್ಲಿ ಹಲವರು 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಕೂಟದ ಸದಸ್ಯರು. ಚಿತ್ರ ತೆಗೆಯಲು, ಧ್ವನಿ ಸೇರಿಸಲು, ಅನಿಮೇಷನ್ ಮಾಡಲು ನಿಮಗೆ ಗೊತ್ತು. ನಿಮ್ಮ ಅಧ್ಯಾಪಕರು ಚೆನ್ನಾಗಿ ಹೇಳಿದ ಹತ್ತು ಪಾಠಗಳನ್ನು ವರ್ಷದಲ್ಲಿ ಕನ್ನಡದಲ್ಲಿ ಚಿತ್ರೀಕರಿಸಿ. ಇಂತಹ ಇಪ್ಪತ್ತು ಶಾಲೆಗಳು ಪಾಠಗಳನ್ನು ಹಂಚಿಕೊಂಡು ಮಾಡಿದರೆ ವರ್ಷಕ್ಕೆ ಇನ್ನೂರು ಪಾಠ. ನೀವು ಹತ್ತನೆಯ ತರಗತಿ ದಾಟುವಷ್ಟರಲ್ಲಿ ಆರುನೂರು. ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸವನ್ನು ಬಿಡಿ. ಒಂದು ವಾರ ಕಷ್ಟ, ಆಮೇಲೆ ಕೈ ತಾನಾಗಿ ಓಡುತ್ತದೆ. ನಿಮ್ಮ ಊರಿನ ದೇವಸ್ಥಾನ, ಮಸೀದಿ, ಸುರಂಗದ ನೀರು, ಹಳೆಯ ಕೋಟೆ ಇವುಗಳ ಬಗ್ಗೆ ಹಿರಿಯರನ್ನು ಕೇಳಿ, ಪುಸ್ತಕಗಳನ್ನು ನೋಡಿ, ಆಧಾರಸಹಿತವಾಗಿ ವಿಕಿಪೀಡಿಯಕ್ಕೆ ಬರೆಯಿರಿ. ಮನೆಯಲ್ಲಿ ತುಳು ಮಾತನಾಡುವವರು ತುಳುವಿನಲ್ಲಿಯೂ ಬರೆಯಬಹುದು. 2016ರಿಂದ ತುಳು ವಿಕಿಪೀಡಿಯವೂ ಇದೆ, ಅದರ ಲಿಪಿ ಕನ್ನಡವೇ. ಮಂಜೇಶ್ವರದ ಗೋವಿಂದ ಪೈಗಳು ಊರಿನಲ್ಲಿ ಕುಳಿತೇ ಹಲವು ಭಾಷೆಗಳನ್ನು ಕಲಿತು, ಗ್ರಂಥಗಳನ್ನು ಕೂಡಿಟ್ಟು, ಲೋಕಕ್ಕೆ ತಿಳಿಯುವ ವಿದ್ವಾಂಸರಾದರು. ಅವರ ಕಾಲದಲ್ಲಿ ಅಂತಹ ಗ್ರಂಥಭಂಡಾರ ಒಬ್ಬಿಬ್ಬರಿಗೆ ಮಾತ್ರ ಸಾಧ್ಯವಾಗಿತ್ತು. ಇಂದು ಅದಕ್ಕಿಂತ ದೊಡ್ಡ ಭಂಡಾರ ನಿಮ್ಮ ಶಾಲೆಯ ತಂತಿಯ ಆಚೆ ತುದಿಯಲ್ಲಿದೆ.

ಪಠ್ಯಪುಸ್ತಕಕ್ಕಾಗಿ ಹಿರಿಯರು ದುಡಿದರು. ಅದರ ಫಲವಾಗಿ ನಾವು ಕನ್ನಡದಲ್ಲಿ ಓದಿದೆವು. ಪರದೆಯ ಮೇಲಿನ ಕನ್ನಡಕ್ಕಾಗಿ ದುಡಿಯುವ ಸರದಿ ಈಗ ನಮ್ಮದು. ಸರಕಾರ ತಂತಿಯನ್ನು ಎಳೆಯಲಿ, ಕೆಟ್ಟದ್ದನ್ನು ಸರಿಮಾಡಲಿ, ನಮ್ಮ ಪಾಲಿನ ಪಾಠವನ್ನು ನಮ್ಮ ಭಾಷೆಯಲ್ಲಿ ಕೊಡಲಿ. ಅದನ್ನು ಬಿಡದೆ ಕೇಳೋಣ. ಕೇಳುತ್ತಿರುವಾಗಲೇ ನಮ್ಮ ಕೈಯಿಂದಾದದ್ದನ್ನು ಇಂದಿನಿಂದಲೇ ಮಾಡತೊಡಗೋಣ.